ಅಟ್ಟದ ಕಾಯಿಯೂ ನನ್ನ ಉಸಿರೂ

ನನಗೆ ಸುಮ್ಮನೆ ಕೂರುವುದು ಬರುವುದಿಲ್ಲ. ಇದನ್ನು ಬರೆಯುವಾಗಲೂ ನಾಲ್ಕು ಸಾಲಿಗೊಮ್ಮೆ ಎದ್ದು ಹೋಗಿ ಬರುತ್ತಿದ್ದೇನೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ. ಹಾಸನದ ಆಸ್ಪತ್ರೆಯಲ್ಲಿ ಎದೆ ಡಾಕ್ಟರ ಬಾಗಿಲ ಮುಂದೆ ಕಬ್ಬಿಣದ ಕುರ್ಚಿಗಳ ಒಂದು ಸಾಲಿದೆ. ಅಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ತಂತಮ್ಮ ಉಸಿರನ್ನೇ ಕೇಳಿಸಿಕೊಳ್ಳುತ್ತಾ ಕೂತಿರುತ್ತಾರೆ. ನಾನೂ ಹಾಗೇ ಕೂತಿದ್ದವಳು. ಈಗ ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೋ ಅವರಿಗಾಗಿ ಇದನ್ನು ಬರೆದಿದ್ದೇನೆ.

ನಮ್ಮೂರು ಹಾರನಹಳ್ಳಿಯ ಹತ್ತಿರ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ಮನೆಯಲ್ಲಿ ನಾನು, ಮಗ ಮಲ್ಲೇಶ, ಸೊಸೆ ಗಿರಿಜಾ, ಅರಸೀಕೆರೆ ಕಾಲೇಜಿಗೆ ಹೋಗಿ ಬರುವ ಮೊಮ್ಮಗಳು ಸಿಂಧು.

ಶುರುವಾದದ್ದು ಬೀದಿ ನಲ್ಲಿಯಿಂದ ಬರುವಾಗ. ಒಂದು ಬೆಳಿಗ್ಗೆ ನಡುದಾರಿಯಲ್ಲಿ ಕೊಡ ಕೆಳಗಿಟ್ಟೆ. ಕೊಡ ಭಾರವಾಗಿರಲಿಲ್ಲ. ಎದೆಯೊಳಗೆ ಗಾಳಿ ಹೋಗುವ ಜಾಗವೇ ಚಿಕ್ಕದಾದ ಹಾಗಿತ್ತು. ಪಕ್ಕದ ಮನೆ ಪುಟ್ಟಮ್ಮ ತನ್ನ ಬಾಗಿಲಲ್ಲಿ ನಿಂತಿದ್ದಳು.

"ಏನೇ, ವಯಸ್ಸಾಯ್ತಾ?" ಅಂದಳು.

"ನಿನಗಿಂತ ಚಿಕ್ಕೋಳು ಕಣೇ ನಾನು" ಅಂದೆ. ಅಷ್ಟು ಹೇಳುವುದಕ್ಕೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು. ಅದನ್ನು ಅವಳು ನೋಡಿದಳು. ಪುಟ್ಟಮ್ಮ ನೋಡಿದರೆ ಊರೇ ನೋಡಿದ ಹಾಗೆ.

ಆಮೇಲೆ ಕೆಮ್ಮು ಬಂತು. ಒಣ ಕೆಮ್ಮು. ಸಾಯಂಕಾಲವಾದರೆ ಮೈ ಬೆಚ್ಚಗಾಗಿ ಕೈಕಾಲು ಹಿಂಡಿ ಹಾಕಿದ ಹಾಗಾಗುತ್ತಿತ್ತು. ಮೆಣಸಿನ ಕಷಾಯ, ದೊಡ್ಡಪತ್ರೆ ರಸ, ಅರಸೀಕೆರೆಯಲ್ಲಿ ಬರೆಸಿಕೊಂಡು ಬಂದ ಮಾತ್ರೆ, ಮಠದಿಂದ ತಂದ ವಿಭೂತಿ, ಎಲ್ಲ ಆಯಿತು. ಕುಪ್ಪಸ ಸಡಿಲವಾಯಿತು. ಕ್ಷಯ ಇರಬಹುದು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನಾನೇ ನನ್ನ ಲೋಟ ತಟ್ಟೆ ಬೇರೆ ಮಾಡಿ ಜಗಲಿಯ ಗೂಡಿನಲ್ಲಿಟ್ಟುಕೊಂಡೆ. ಮಾರನೆ ದಿನ ನೋಡಿದರೆ ಲೋಟ ಒಳಗೆ, ಎಲ್ಲರ ಲೋಟದ ಜೊತೆ ಬೋರಲು ಬಿದ್ದಿದೆ. ಮತ್ತೆ ತಂದು ಗೂಡಿನಲ್ಲಿಟ್ಟೆ. ಮತ್ತೆ ಒಳಗೆ ಹೋಯಿತು. ಹೀಗೆ ಒಂದು ವಾರ. ಒಳಗಿಡುತ್ತಿದ್ದವಳು ಗಿರಿಜಾ. ಕಫ ಪರೀಕ್ಷೆಯಲ್ಲಿ ಕ್ಷಯ ಅಲ್ಲ ಎಂದು ಬಂದ ದಿನ ಅವಳು ಇಷ್ಟೇ ಅಂದಳು: "ಇನ್ನು ಆ ಗೂಡಿನಾಗೆ ಲೋಟ ಇಟ್ರೆ ಬಾವಿಗೆ ಎಸೀತೀನಿ, ಅತ್ತೆ."

ಕ್ಷಯ ಅಲ್ಲ ಎಂದರೆ ಮತ್ತೇನು? ಅದಕ್ಕೆ ಹಾಸನಕ್ಕೆ ಹೋದದ್ದು.

ಆಸ್ಪತ್ರೆಯಲ್ಲಿ ಕಾಯುವುದೇ ದೊಡ್ಡ ರೋಗ. ಚೀಟಿಗೆ ಒಂದು ಸಾಲು, ರಕ್ತಕ್ಕೆ ಒಂದು ಸಾಲು, ಎದೆಯ ಫೋಟೋಕ್ಕೆ ಇನ್ನೊಂದು. ನನಗೆ ಕೂರಲಾಗದೆ ಆ ಕಡೆಯಿಂದ ಈ ಕಡೆಗೆ ಓಡಾಡಿದರೆ ಏದುಸಿರು, ಕೂತರೆ ಮೈಯೆಲ್ಲ ಇರುವೆ ಹರಿದ ಹಾಗೆ. ಪಕ್ಕದ ಕುರ್ಚಿಯಲ್ಲಿ ಅರೇಹಳ್ಳಿಯ ಜಯಮ್ಮ ಎಂಬಾಕೆ ಇದ್ದಳು. ಮೂಗಿಗೆ ಆಮ್ಲಜನಕದ ಕೊಳವೆ, ಕಾಲ ಬಳಿ ಸಿಲಿಂಡರು. ನನ್ನನ್ನು ಎಷ್ಟು ಹೊತ್ತು ಸಹಿಸಿದಳೋ, ಕೊನೆಗೆ ಅಂದಳು:

"ಅಕ್ಕ, ನೀವು ಓಡಾಡ್ತಾ ಇದ್ರೆ ನಂಗೆ ಸುಸ್ತಾಗುತ್ತೆ. ಕೂತ್ಕಳ್ಳಿ."

ಕೂತೆ. ಚೀಲದಿಂದ ಫ್ಲಾಸ್ಕು ತೆಗೆದು ಮುಚ್ಚಳದಲ್ಲಿ ಬಿಸಿನೀರು ಕೊಟ್ಟಳು. "ಗುಟುಕು ಗುಟುಕಾಗಿ ಕುಡೀರಿ. ಒಳಗೆ ಉಸಿರು ಪರೀಕ್ಷೆಗೆ ಊದ್ಸೋವಾಗ ಅಲ್ಲಿರೋ ಹುಡುಗಿ 'ಊದಿ ಊದಿ' ಅಂತ ಕೂಗ್ತಾಳೆ. ಹೆದರ್ಬೇಡಿ, ಬೈತಾ ಇರಲ್ಲ."

ಅವಳು ಹೇಳದೆ ಇದ್ದಿದ್ದರೆ ನಾನು ಆ ಹುಡುಗಿಗೆ ತಿರುಗಿಸಿ ಬೈದುಬಿಡುತ್ತಿದ್ದೆ. ಕೊಳವೆ ಬಾಯಿಗಿಟ್ಟು "ಊದಿ, ಊದಿ, ಇನ್ನೂ ಊದಿ, ನಿಲ್ಲಿಸ್ಬೇಡಿ" ಎಂದು ಕೂಗುತ್ತಾಳೆ. ನಾನು ಊದಿದ್ದು ಒಂದು ಒಲೆಗೂ ಸಾಲದು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ಕರಾವಳಿ ಕಡೆಯವರು. ಫೋಟೋ ಬೆಳಕಿಗೆ ಹಿಡಿದು ನೋಡಿ ಕೇಳಿದರು: "ಮನೆಯಲ್ಲಿ ಪಾರಿವಾಳ ಇದೆಯಾ?"

"ಇಲ್ಲ."

"ಗಿಳಿ? ಬೇರೆ ಹಕ್ಕಿ? ಕೋಳಿ?"

"ನಾವು ಲಿಂಗ ಕಟ್ಟೋರು ಕಣವ್ವ. ಕೋಳಿ ಯಾಕೆ ಸಾಕಾನ?"

"ಕೂಲರ್, ಎಸಿ?"

"ಫ್ಯಾನು ಐತೆ. ತಿರುಗಿದ್ರೆ ತಿರುಗ್ತು."

ಎದೆಯ ನೋವು ಹೇಳಿಕೊಳ್ಳಲು ಬಂದರೆ ಹಕ್ಕಿಯ ವಿಷಯ ಕೇಳುತ್ತಾರಲ್ಲ ಎಂದು ನನಗೆ ಸಿಟ್ಟು. ಅವರು ಬರೆದುಕೊಂಡರು. ಶ್ವಾಸಕೋಶ ಅಲ್ಲಲ್ಲಿ ಗಟ್ಟಿಯಾಗುತ್ತಿದೆ, ನೀವು ಉಸಿರಾಡುವ ಗಾಳಿಯಲ್ಲಿ ಏನೋ ಇದೆ, ಅದು ಏನೆಂದು ಸಿಕ್ಕದಿದ್ದರೆ ಔಷಧಿಯಿಂದ ಅರ್ಧ ಕೆಲಸವಷ್ಟೇ ಆಗುವುದು ಎಂದರು. ಹೆಸರು ಉದ್ದದ್ದು, ನನ್ನ ನಾಲಿಗೆಗೆ ಬರಲಿಲ್ಲ. ಮನೆಗೆ ಬಂದಮೇಲೆ ಸಿಂಧು ಅದನ್ನು ಫೋನಿನಲ್ಲಿ ಹುಡುಕಿ ಓದಿಕೊಂಡು ಮೂಲೆಯಲ್ಲಿ ಅಳುತ್ತಾ ಕೂತಳು. "ಅಳೋದಾದ್ರೆ ಜೋರಾಗಿ ಓದ್ಕಂಡು ಅಳು, ನಮಗೂ ಗೊತ್ತಾಗ್ಲಿ" ಅಂದೆ. ಅವಳು ಫೋನು ಬಚ್ಚಿಟ್ಟಳು. ಆಗ ನನಗೂ ಹೆದರಿಕೆಯಾಯಿತು.

ಬಿಳಿ ಸಣ್ಣ ಮಾತ್ರೆ ಕೊಟ್ಟರು. ಮೊದಲೇ ನಾನು ಕೂತಲ್ಲಿ ಕೂರುವವಳಲ್ಲ, ಆ ಮಾತ್ರೆ ನುಂಗಿದ ಮೇಲೆ ಕಾಲಿಗೆ ಚಕ್ರ ಬಂತು. ಗುಡಿಸಿದ ಅಂಗಳವನ್ನೇ ಗುಡಿಸಿದೆ. ಡಬ್ಬಗಳನ್ನೆಲ್ಲ ಇಳಿಸಿ ಬೇರೆ ಕಡೆ ಜೋಡಿಸಿದೆ. ಗಿರಿಜಾ ಸಾಸಿವೆ ಸಿಕ್ಕದೆ ಮನೆಯೆಲ್ಲ ಹುಡುಕಿದಳು. ಮುಖ ಹಲಸಿನ ಹಣ್ಣಿನ ಹಾಗೆ ಊದಿಕೊಂಡಿತು. ಪುಟ್ಟಮ್ಮ "ಮೈಕೈ ತುಂಬ್ಕಂಡಿದ್ದೀಯ, ಚೆನ್ನಾಗಾಯ್ತು" ಅಂದಳು. ಕೆಮ್ಮು ಸ್ವಲ್ಪ ತಗ್ಗಿತು, ಹೋಗಲಿಲ್ಲ.

ಅಷ್ಟರಲ್ಲಿ ಮಾದಿಹಳ್ಳಿಗೆ ಕೊಟ್ಟಿರುವ ಮಗಳು ಶಾಂತಾ ಬಂದು ಕರೆದುಕೊಂಡು ಹೋದಳು. ಅವರದು ಹಾಲಿನ ಮನೆ. ನಾಲ್ಕು ಹಸು, ಎರಡು ಕರು, ಹುಲ್ಲಿನ ಮೆದೆ, ಸಗಣಿ, ಹಿಂಡಿಯ ಧೂಳು. ಇಲ್ಲಿ ಸತ್ತೇ ಹೋಗುತ್ತೇನೆ ಅಂದುಕೊಂಡೆ. ನಾಲ್ಕನೇ ದಿನಕ್ಕೆ ಕೆಮ್ಮು ನಿಂತಿತು. ಆರನೇ ದಿನ ಡೈರಿಗೆ ಹಾಲಿನ ಕ್ಯಾನು ಹಿಡಿದು ಅಳಿಯನ ಜೊತೆ ನಡೆದೆ. ಸಾಯಂಕಾಲದ ಜ್ವರ ಬರಲಿಲ್ಲ. ಗೆದ್ದೆ ಎಂದು ಊರಿಗೆ ಬಂದೆ.

ಮೂರನೇ ಸಾಯಂಕಾಲ ಕೆಮ್ಮು ಶುರುವಾಯಿತು.

ಮತ್ತೆ ಮಾದಿಹಳ್ಳಿಗೆ ಹೋದೆ, ನಿಂತಿತು. ಮತ್ತೆ ಬಂದೆ, ಮೂರನೇ ಸಾಯಂಕಾಲಕ್ಕೆ ಸರಿಯಾಗಿ ಹಿಡಿಯಿತು. ಇದು ಮನೆಯವರಿಗೆ ತಿಳಿಯುವ ಮೊದಲು ಪುಟ್ಟಮ್ಮನಿಗೆ ತಿಳಿಯಿತು. ನಲ್ಲಿಯ ಹತ್ತಿರ ನಾಲ್ಕು ಜನರ ಮುಂದೆ ಅಂದಳಂತೆ: "ಮಗಳ ಮನೇಲಿ ಇಲ್ದಿರೋ ಕೆಮ್ಮು ಸೊಸೆ ಮನೇಲಿ ಯಾಕೆ ಬತ್ತೈತೆ? ನೀವೇ ಯೋಚ್ನೆ ಮಾಡ್ರಿ."

ಗಿರಿಜಾ ಖಾಲಿ ಕೊಡ ಹಿಡಿದು ಬಂದಳು. ಕೊಡವನ್ನು ಇಟ್ಟ ಸದ್ದಿಗೇ ನನಗೆ ಗೊತ್ತಾಯಿತು.

"ನನ್ನ ಅಡುಗೇಲಿ ಏನಾರ ಐತಾ ಅತ್ತೆ? ಇದ್ರೆ ಈಗ್ಲೇ ಹೇಳ್ಬಿಡಿ."

"ಉಪ್ಪು ಜಾಸ್ತಿ ಐತೆ" ಅಂದೆ. ಅಂದದ್ದು ತಪ್ಪು. ಅವಳು ಎರಡು ದಿನ ನನಗೆ ಬಡಿಸಿ, ಎದುರಿಗೆ ನಿಲ್ಲದೆ ಹೋದಳು. ಇಪ್ಪತ್ತೆರಡು ವರ್ಷ ನನ್ನ ಜೊತೆ ಜಗಳವಾಡಿಕೊಂಡು ಬಂದವಳು ಅವಳು. ಸುಮ್ಮನಿದ್ದರೆ ನನಗೆ ಮನೆಯೇ ಖಾಲಿಯಾದ ಹಾಗೆ.

ಮೂರನೇ ದಿನ ಮಲ್ಲೇಶ ತೋಟದಿಂದ ಬಂದವನು ಕಾಲು ತೊಳೆಯದೆಯೇ ಎದುರಿಗೆ ಕೂತ. "ಅವ್ವ, ಒಂದ್ ಮಾತು. ನೀನು ಶಾಂತನ ಮನೇಲೇ ಇದ್ಬುಡು. ನಾನು ವಾರಕ್ಕೊಂದ್ಸಲ ಬತ್ತೀನಿ."

"ಎಷ್ಟು ದಿನ?"

ಅವನು ನೆಲ ನೋಡಿದ. ಎಷ್ಟು ದಿನವೂ ಅಲ್ಲ, ಇನ್ನು ಮುಂದೆ ಅಷ್ಟೇ ಎಂದು ಅರ್ಥವಾಯಿತು. ಅವನ ಮಾತಿನಲ್ಲಿ ಕೆಟ್ಟದ್ದೇನಿರಲಿಲ್ಲ. ಆದರೆ ಹದಿನಾರು ವರ್ಷಕ್ಕೆ ಈ ಹೊಸಿಲು ದಾಟಿ ಬಂದವಳು ನಾನು. ಗಂಡ ಹೋದದ್ದು ಈ ಮನೆಯಲ್ಲಿ. ಮಗಳ ಮನೆಯಲ್ಲಿ ಹತ್ತು ದಿನ ನೆಂಟಳು, ಹನ್ನೊಂದನೇ ದಿನದಿಂದ ಏನು ಎಂದು ಕರೆಯಬೇಕೋ ಅವರಿಗೂ ಗೊತ್ತಿರುವುದಿಲ್ಲ. "ಸತ್ರೆ ಇಲ್ಲೇ ಸಾಯ್ತೀನಿ" ಅಂದೆ. "ಅದನ್ನೇ ಬೇಡ ಅಂತಿರೋದು" ಎಂದು ಗಿರಿಜಾ ಅಡುಗೆಮನೆಯಿಂದಲೇ ಹೇಳಿದಳು. ಎರಡು ದಿನದ ಮೇಲೆ ಅವಳ ದನಿ ಕೇಳಿದ್ದು ಅದೇ.

ಆಮೇಲೆ ಮನೆಯಲ್ಲಿದ್ದ ಒಂದೊಂದನ್ನೇ ಹೊರಗೆ ಹಾಕಿದೆವು. ಊದುಬತ್ತಿ ಹೋಯಿತು, ಲೋಬಾನ ಹೋಯಿತು, ನೆಲ ಒರೆಸುವ ಫಿನಾಯಿಲು ಹೋಯಿತು. ಸೊಳ್ಳೆ ಬತ್ತಿ ಹೋಯಿತು. ಒಲೆಯನ್ನು ಹಿತ್ತಲಿಗೆ ಸಾಗಿಸಿ ಒಳಗೆ ಗ್ಯಾಸು ಒಂದೇ ಇಟ್ಟೆವು. ನಾಯಿಯನ್ನು ತೋಟದಲ್ಲಿ ಕಟ್ಟಿದೆವು, ಅದು ಇಡೀ ದಿನ ನನ್ನನ್ನು ಕೇಳಿ ಬೊಗಳಿತು. ನನ್ನ ಕೆಮ್ಮು ಜಗ್ಗಲಿಲ್ಲ. ಮಲ್ಲೇಶ ಶಾಂತನಿಗೆ ಫೋನು ಮಾಡಿ ಅಲ್ಲಿ ನನಗೆ ಮಂಚ ಹಾಕುವ ಜಾಗದ ವಿಷಯ ಮಾತಾಡುವುದು ಕಿವಿಗೆ ಬಿತ್ತು.

ಎರಡನೇ ಸಲ ಹಾಸನಕ್ಕೆ ಹೋದಾಗ ಗಿರಿಜಾ ಒಳಗೆ ಬಂದಳು. ಡಾಕ್ಟರು ಈ ಸಲ ಹಕ್ಕಿ ಕೇಳಲಿಲ್ಲ. ಪೆನ್ನು ಕೆಳಗಿಟ್ಟು, "ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಇವರು ಏನೇನು ಮಾಡ್ತಾರೆ, ಒಂದೂ ಬಿಡದೆ ಹೇಳಿ" ಅಂದರು. ನನ್ನನ್ನಲ್ಲ, ಗಿರಿಜಾಳನ್ನು ಕೇಳಿದರು. ಅವಳು ಹೇಳುತ್ತಾ ಹೋದಳು. ಅಂಗಳ, ನೀರು, ತಿಂಡಿ, ನಮ್ಮನ್ನೆಲ್ಲ ಬೈಯುವುದು.

"ಮಧ್ಯಾಹ್ನ ಊಟ ಆದ್ಮೇಲೆ ಅಟ್ಟ ಹತ್ತಿ ಕಾಯಿ ಅಲ್ಲಾಡಿಸ್ತಾರೆ."

"ಯಾವ ಕಾಯಿ?"

"ಕೊಬ್ಬರಿ ಕಾಯಿ."

ನನಗೆ ನಗು ಬಂತು. ಅಟ್ಟದ ಕಾಯಿಯನ್ನು ಡಾಕ್ಟರಿಗೆ ಹೇಳುವುದೇ? ಅದು ಮನೆಯಲ್ಲಿರುವ ವಸ್ತು ಎಂದೇ ನನಗೆ ಅನಿಸಿರಲಿಲ್ಲ. ಗೋಡೆಯ ಹಾಗೆ, ಮಾಡಿನ ಹಾಗೆ ಅದೂ ಒಂದು. ನಮ್ಮ ಕಡೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಹತ್ತು ತಿಂಗಳು, ಒಂದು ವರ್ಷ ಅಲ್ಲೇ ಬಿದ್ದಿರುತ್ತದೆ. ಒಳಗೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಾಗ ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆ ಸದ್ದು ಕೇಳಿ ಕಾಯಿ ಆರಿಸುವುದರಲ್ಲಿ ನನ್ನ ಕಿವಿಗೆ ಸಮ ಇಲ್ಲ. ನಮ್ಮ ಕೊಬ್ಬರಿ ಒಂದೂ ಕೊಳೆತದ್ದು ಬರುವುದಿಲ್ಲ ಎಂದು ಊರಲ್ಲಿ ಹೆಸರು.

ಡಾಕ್ಟರು ಕುರ್ಚಿ ಮುಂದಕ್ಕೆಳೆದುಕೊಂಡರು. "ನಮ್ಮ ಕಡೆ ಕಾಯಿ ಒಡೆದು ಬಿಸಿಲಿಗೆ ಹಾಕ್ತೇವೆ. ಮನೆಯೊಳಗೆ ಒಂದು ವರ್ಷ ಇಡೋದು ನನಗೆ ಗೊತ್ತಿರಲಿಲ್ಲ. ಆ ಅಟ್ಟದ ಫೋಟೋ ಇದೆಯಾ?"

ಗಿರಿಜಾ ಫೋನು ತೆಗೆದಳು. ಹಬ್ಬಕ್ಕೆ ಮೊದಲು ಇಲಿ ಬೋನು ಎಲ್ಲಿದೆಯೆಂದು ಮಲ್ಲೇಶನಿಗೆ ಕಳಿಸಲು ತೆಗೆದ ಫೋಟೋ. ಡಾಕ್ಟರು ಅದನ್ನು ದೊಡ್ಡದು ಮಾಡಿ ನೋಡಿದರು.

"ಗೋಡೆ ಮೇಲೆ ಕಪ್ಪಗೆ, ಹಸಿರಾಗಿ ಇರೋದು ಏನು?"

"ಬೂಷ್ಟು" ಅಂದಳು ಗಿರಿಜಾ.

"ಕಾಯಿ ಮೇಲೂ ಇದೆ. ಗಾಳಿ ಎಲ್ಲಿಂದ ಬರುತ್ತೆ?"

ಗಿರಿಜಾ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಮೊದಲು ನಮ್ಮದು ಹೆಂಚಿನ ಮಾಡು, ಸಂದಿ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಕೋತಿಗಳು ಹೆಂಚು ಒಡೆದು ಹಾಕಿದವೆಂದು ಶೀಟು ಹೊದಿಸಿದೆವು. ಆಮೇಲೆ ಕೋತಿ ಗವಾಕ್ಷಿಯಲ್ಲಿ ಕೈ ಹಾಕಿ ಕಾಯಿ ಎಳೆಯತೊಡಗಿತು. ಎರಡು ಗವಾಕ್ಷಿಗಳನ್ನೂ ಗಾರೆಯವನ ಹತ್ತಿರ ಸಿಮೆಂಟು ಹಾಕಿಸಿ ಮುಚ್ಚಿಸಿದವಳು ನಾನೇ. ಬಲೆ ಹೊಡೆಸೋಣ ಎಂದಿದ್ದ ಮಲ್ಲೇಶ. ಬಲೆಯನ್ನು ಇಲಿ ಕಡಿಯುತ್ತದೆ ಎಂದು ನಾನು ಕೇಳಲಿಲ್ಲ.

"ಇವರು ಮಲಗೋದು ಎಲ್ಲಿ?"

"ಅಟ್ಟದ ಕೆಳಗೆ. ಇಲಿ ಬಂದ್ರೆ ಸದ್ದು ಕೇಳ್ಬೇಕಲ್ಲ" ಅಂದೆ ನಾನೇ.

ನಮ್ಮ ಅಟ್ಟಕ್ಕೆ ಸೀಳಿದ ಅಡಿಕೆ ಮರದ ದಬ್ಬೆಯ ಹಾಸು. ದಬ್ಬೆಯ ಸಂದಿಯಿಂದ ಬೆಳಗಾಗುವಷ್ಟರಲ್ಲಿ ನನ್ನ ಕಂಬಳಿಯ ಮೇಲೆ ಸಣ್ಣ ಪುಡಿ ಬಿದ್ದಿರುತ್ತಿತ್ತು. ಕೊಡವಿ ಮಡಿಸಿಡುತ್ತಿದ್ದೆ. ಬೇರೆಯವರೆಲ್ಲ ಮಲಗುವುದು ಮುಂದಿನ ಹೊಸ ಕೋಣೆಯಲ್ಲಿ.

ಡಾಕ್ಟರು ಫೋನು ವಾಪಸು ಕೊಟ್ಟು ಅಂದರು: "ಅಜ್ಜಿ, ಒಂದೋ ಕಾಯಿ ಮನೆಯಿಂದ ಹೊರಗೆ ಹೋಗಬೇಕು, ಇಲ್ಲಾ ನೀವು ಹೋಗಬೇಕು. ಎರಡೂ ಒಂದೇ ಮಾಡಿನ ಕೆಳಗೆ ಆಗೋಲ್ಲ."

"ಇನ್ನು ಎರಡು ತಿಂಗಳು ತಡೀರಿ. ಕಾಯಿ ಹದಕ್ಕೆ ಬಂದೈತೆ."

"ನಿಮ್ಮ ಶ್ವಾಸಕೋಶ ತಡೆಯಬೇಕಲ್ಲ."

ಬಸ್ಸಿನಲ್ಲಿ ಗಿರಿಜಾ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಸಿಟ್ಟಿರಬೇಕು. ಊರೆಲ್ಲ ಅವಳ ಅಡುಗೆಯನ್ನು ಆಡಿಕೊಂಡಿತ್ತು, ಮಾಡಿದ್ದು ನಾನು. "ನನ್ನ ತಪ್ಪು" ಎಂದು ಹೇಳಲು ಬಾಯಿ ತೆರೆದೆ. ಕೆಮ್ಮು ಬಂತು. ಅವಳು ನೀರಿನ ಬಾಟಲಿ ಮುಚ್ಚಳ ತಿರುಗಿಸಿ ಕೈಗೆ ಕೊಟ್ಟಳು. ಮಾತು ಅಲ್ಲಿಗೇ ನಿಂತಿತು.

ನೀವು ಕೇಳಬಹುದು, ಇಷ್ಟಾದ ಮೇಲೆ ಅಂದೇ ಕಾಯಿ ಇಳಿಸಿದಿರಾ ಎಂದು. ಇಲ್ಲ. ನಾನು ಬಿಡಲಿಲ್ಲ. ಹತ್ತು ತಿಂಗಳು ಕಾದ ಕಾಯಿ. ಈಗ ಅಲುಗಿಸಿದರೆ ಅರ್ಧ ಹಾಳು. ಜಗಲಿಯಲ್ಲಿ ಮಲಗುತ್ತೇನೆ, ಅಟ್ಟ ಹತ್ತುವುದಿಲ್ಲ ಎಂದೆ. ಎರಡು ದಿನ ಹತ್ತಲಿಲ್ಲ. ಮಾತ್ರೆಯ ಚಡಪಡಿಕೆ ಬೇರೆ. ಮೂರನೇ ಮಧ್ಯಾಹ್ನ ಗಿರಿಜಾ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಾಗ ಬಾಯಿಗೆ ಟವೆಲು ಕಟ್ಟಿಕೊಂಡು ಏಣಿ ಹತ್ತಿದೆ. ಒಂದೇ ಒಂದು ಕಾಯಿ ಅಲ್ಲಾಡಿಸಿ ಕೇಳಿ ಇಳಿದುಬಿಡೋಣ ಎಂದು.

ಐದನೇ ಮೆಟ್ಟಿಲಲ್ಲಿ ನಿಂತೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಕಣ್ಣಿಗೆ ಕತ್ತಲೆ ಬರುತ್ತಿದೆ, ಕೂಗಲು ಉಸಿರಿಲ್ಲ. ಏಣಿಗೆ ಹಣೆ ಒತ್ತಿ ಹಿಡಿದುಕೊಂಡೆ. ಎಷ್ಟು ಹೊತ್ತೋ ತಿಳಿಯದು. ಹಿಮ್ಮಡಿಗಳ ಮೇಲೆ ಎರಡು ಒದ್ದೆ ಕೈ ಬಿದ್ದವು. ಸೋಪಿನ ನೊರೆ ಇನ್ನೂ ಇತ್ತು. ಗಿರಿಜಾ ನನ್ನ ಒಂದೊಂದೇ ಕಾಲನ್ನು ಎತ್ತಿ ಕೆಳಗಿನ ಮೆಟ್ಟಿಲಲ್ಲಿ ಇಟ್ಟಳು, ಮಗುವಿಗೆ ಮಾಡುವ ಹಾಗೆ. ನೆಲಕ್ಕೆ ಕೂರಿಸಿ ಟವೆಲು ಬಿಚ್ಚಿದಳು. ಬೈಯಲಿಲ್ಲ. ಬೈದಿದ್ದರೆ ನಾನು ಇನ್ನೂ ಎರಡು ತಿಂಗಳು ಹಟ ಮಾಡುತ್ತಿದ್ದೆನೋ ಏನೋ.

ಉಸಿರು ಬಂದಮೇಲೆ ಅಂದೆ: "ಮಲ್ಲೇಶಂಗೆ ಹೇಳು. ಇಳಿಸ್ಲಿ."

ಇಳಿಸುವ ದಿನ ನಾನು ಅಲ್ಲಿರಬಾರದೆಂದು ಡಾಕ್ಟರು ಹೇಳಿದ್ದರು. ರಸ್ತೆಯಾಚೆ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದರು. ಆಳುಗಳು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮಂಕರಿಯಲ್ಲಿ ಕಾಯಿ ತಂದು ಅಂಗಳಕ್ಕೆ ಸುರಿದರೆ ಹಸಿರು ಹೊಗೆಯ ಹಾಗೆ ಪುಡಿ ಎದ್ದಿತು. ಇಷ್ಟು ದಿನ ನಾನು ಇದರ ಕೆಳಗೆ ಮಲಗಿದ್ದೆನಲ್ಲ ಎಂದು ಅವತ್ತೇ ಕಣ್ಣಾರೆ ಕಂಡದ್ದು. ಪುಟ್ಟಮ್ಮ ಬಂದು ಪಕ್ಕದಲ್ಲಿ ನಿಂತಳು. "ಅಯ್ಯೋ, ಇದಾ?" ಅಂದಳು. "ಇದೇ. ನಲ್ಲಿ ಹತ್ರ ನಾಲ್ಕ್ ಜನಕ್ಕೆ ಹೇಳ್ದ್ಯಲ್ಲ, ಈಗ ಹೋಗಿ ಎಂಟ್ ಜನಕ್ಕೆ ಹೇಳು" ಅಂದೆ. ಹೋಗಿ ಹೇಳಿದಳು. ಆ ವಿಷಯದಲ್ಲಿ ಅವಳನ್ನು ನಂಬಬಹುದು.

ಕಣದ ಮೂಲೆಯಲ್ಲಿ, ಮನೆಯಿಂದ ದೂರ, ನಾಲ್ಕೂ ಕಡೆ ತಂತಿ ಬಲೆಯ ಕೊಟ್ಟಿಗೆ ಕಟ್ಟಿ ಕಾಯಿ ಅಲ್ಲಿಗೆ ಹಾಕಿದರು. ಮನೆಯ ಗವಾಕ್ಷಿ ಒಡೆದು ಬಲೆ ಕೂರಿಸಿದರು. ಗೋಡೆ ಕೆರೆದು ಸುಣ್ಣ ಹೊಡೆದರು. ಶೀಟಿನ ನೆತ್ತಿಯನ್ನು ಒಂದು ಗೇಣು ಎತ್ತಿ ಗಾಳಿ ಹೋಗುವ ದಾರಿ ಬಿಟ್ಟರು. ನನ್ನ ಕಂಬಳಿಯನ್ನು ಸುಟ್ಟರು. ಅದಕ್ಕೊಂದು ಹೊಟ್ಟೆ ಉರಿಯಿತು, ಮದುವೆಯ ಕಂಬಳಿ. ಈಗ ನನ್ನ ಹಾಸಿಗೆ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ.

ಪೂರಾ ಗುಣವಾಯಿತು ಎಂದು ಸುಳ್ಳು ಹೇಳುವುದಿಲ್ಲ. ಗಟ್ಟಿಯಾದ ಭಾಗ ಗಟ್ಟಿಯೇ, ಮೆತ್ತಗಾಗುವುದಿಲ್ಲವಂತೆ. ನಲ್ಲಿಗೆ ಹೋಗಿ ಬರಲು ಎರಡು ಕಡೆ ನಿಲ್ಲುತ್ತೇನೆ. ಬೆರಳಿಗೆ ಕ್ಲಿಪ್ಪು ಹಾಕಿ ನೋಡುವ ಯಂತ್ರವನ್ನು ಸಿಂಧು ತಂದಿದ್ದಾಳೆ, ಅದರ ಅಂಕೆ ನೋಡಿ ಮುಖ ಮಾಡಿಕೊಳ್ಳುತ್ತಾಳೆ. ಕಾಯಿ ಅಲ್ಲಾಡಿಸುವ ಕೆಲಸ ಗಿರಿಜಾಳಿಗೆ ಹೋಯಿತು. ಅವಳು ಮೂಗಿಗೆ ಮಾಸ್ಕು ಹಾಕಿಕೊಳ್ಳದೆ ಕೊಟ್ಟಿಗೆಗೆ ಹೋದರೆ ನಾನು ಕೂಗುತ್ತೇನೆ. ಅವಳನ್ನೂ ಹಾಸನಕ್ಕೆ ಕರೆದುಕೊಂಡು ಹೋಗಿ ಊದಿಸಿದೆ. ಅವಳದು ಸರಿಯಿದೆ. ಕುರ್ಚಿಯಲ್ಲಿ ಕೂತಿರುವವರಿಗೆ ನಾನು ಹೇಳುವುದು ಇಷ್ಟು: ಡಾಕ್ಟರು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಬೇಡಿ. ಹೇಳುವುದಕ್ಕೆ ಏನಿದೆ ಅನಿಸುವುದನ್ನೂ ಹೇಳಿ. ಮತ್ತು ನಿಮ್ಮ ದಿನವನ್ನು ನಿಮಗಿಂತ ಚೆನ್ನಾಗಿ ಬಲ್ಲವರನ್ನು ಒಳಗೆ ಕರೆದುಕೊಂಡು ಹೋಗಿ, ಅವರ ಜೊತೆ ಮಾತು ಬಿಟ್ಟಿದ್ದರೂ ಸರಿ.

ಆವತ್ತು ಕಾಯಿ ಇಳಿಸಿದ ಮೇಲೆ ಸುಣ್ಣ ಒಣಗುವವರೆಗೆ ಮಾದಿಹಳ್ಳಿಯಲ್ಲಿದ್ದು ಮನೆಗೆ ಬಂದೆ. ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಏನೂ ಇಲ್ಲ. ಮೂರನೇ ಸಾಯಂಕಾಲ ಮನೆಯಲ್ಲಿ ಯಾರಿಗೂ ಕೈಗೆ ಕೆಲಸ ಹತ್ತಲಿಲ್ಲ. ಮಲ್ಲೇಶ ತೋಟದಿಂದ ಬೇಗ ಬಂದು ಪಂಪಿನ ವೈರು ಬಿಚ್ಚಿ ಸುತ್ತುತ್ತಾ ಕೂತ. ಸಿಂಧು ಪುಸ್ತಕದ ಒಂದೇ ಹಾಳೆ ನೋಡುತ್ತಿದ್ದಳು. ಶಾಂತನ ಮನೆಯಲ್ಲಿ ಮಂಚ ಹಾಕಿಯೇ ಇತ್ತು, ತೆಗೆಯಬೇಡ ಎಂದು ಮಲ್ಲೇಶನೇ ಹೇಳಿದ್ದು ನನಗೆ ಗೊತ್ತು. ಎಲ್ಲರ ಕಿವಿಯೂ ನನ್ನ ಎದೆಯ ಮೇಲೆ. ನಾನು ಕೂತೆ, ಎದ್ದೆ, ಅಂಗಳಕ್ಕೆ ಹೋದೆ, ಬಂದೆ. ಗಂಟಲಲ್ಲಿ ಏನೋ ಕೆರೆದ ಹಾಗಾಯಿತು. ಉಗುಳು ನುಂಗಿದೆ.

ಇವರ ಕಣ್ಣು ತಪ್ಪಿಸಿಕೊಳ್ಳಲು ಅಡುಗೆಮನೆಗೆ ಹೋದರೆ ಗಿರಿಜಾ ಮುದ್ದೆಗೆ ಹಿಟ್ಟು ಹಾಕಿ ಕೋಲು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದಾಳೆ, ಅವಳೂ ಕೇಳಿಸಿಕೊಳ್ಳುತ್ತಾ. ತಳ ಹತ್ತುತ್ತಿದೆ. ನನಗೆ ರೇಗಿತು. ಹಿಟ್ಟು ಬೇಯೋಕೆ ಬಿಟ್ಟು ಯಾವ ಲೋಕದಾಗೆ ನಿಂತಿದ್ದೀಯೆ, ಇಪ್ಪತ್ತೆರಡು ವರ್ಷ ಆಯ್ತು ಮುದ್ದೆ ತಿರುವೋದು ಕಲಿಯೋಕೆ, ಗಂಟು ಕಟ್ಕಂಡ್ರೆ ನಿನ್ನ ಗಂಡ ನುಂಗ್ತಾನಾ, ಉರಿ ಸಣ್ಣ ಮಾಡೇ, ಆ ಕೋಲು ಹಿಡಿಯೋದು ಹಂಗಾ, ಇತ್ತ ಕೊಡು ಎಂದು ಬಾಯಿಗೆ ಬಂದದ್ದೆಲ್ಲ ಬೈದೆ.

ಅವಳು ಕೋಲು ಕೊಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಮುಂದಿನ ಕೋಣೆಯಲ್ಲಿ ವೈರು ಸುತ್ತುವ ಸದ್ದು ನಿಂತಿತ್ತು.

"ಅಷ್ಟುದ್ದ ಬೈದ್ರಲ್ಲ ಅತ್ತೆ" ಅಂದಳು, "ಮಧ್ಯದಾಗೆ ಒಂದ್ಸಲಾನೂ ಉಸಿರು ತಗಳ್ಳಿಲ್ಲ."

"ಇನ್ನೂ ಐತೆ" ಅಂದೆ. "ಮೊದ್ಲು ಮುದ್ದೆ ತಿರುವು."